ಏಳು ವರ್ಷವೆಂದರೆ ಏಳೇ ವರ್ಷ

1939ರ ‘ಗಾನ್ ವಿತ್ ದಿ ವಿಂಡ್’ ನೋಡಿದವರಿಗೆ ಮೆಲನಿ ನೆನಪಿರುತ್ತಾಳೆ. ಮೆದುಮಾತಿನ, ಸಹನೆಯ ಹೆಣ್ಣು. ಆ ಪಾತ್ರ ವಹಿಸಿದ ಒಲಿವಿಯಾ ಡಿ ಹ್ಯಾವಿಲೆಂಡ್ ಮಾತ್ರ ಅನ್ಯಾಯ ಸಹಿಸಿ ಸುಮ್ಮನಿರುವ ಜಾಯಮಾನದವರಲ್ಲ.

ಆಗ ನಟನಟಿಯರು ಸ್ಟುಡಿಯೋಗಳಿಗೆ ಏಳು ವರ್ಷದ ಕರಾರು ಬರೆದುಕೊಡುತ್ತಿದ್ದರು. ಕೊಟ್ಟ ಪಾತ್ರ ಬೇಡವೆಂದರೆ ಸಂಬಳವಿಲ್ಲದೆ ಅಮಾನತು. ಆ ದಿನಗಳನ್ನು ಕರಾರಿನ ಕೊನೆಗೆ ಸೇರಿಸುತ್ತಿದ್ದರು. ಹೀಗಾಗಿ ಏಳು ವರ್ಷ ಮುಗಿಯುತ್ತಲೇ ಇರಲಿಲ್ಲ. 1943ರಲ್ಲಿ ಒಲಿವಿಯಾ ವಾರ್ನರ್ ಬ್ರದರ್ಸ್ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದರು. ಮೊಕದ್ದಮೆ ಮುಗಿಯುವವರೆಗೆ ಬೇರೆ ಸ್ಟುಡಿಯೋಗಳೂ ಅವರಿಗೆ ಬಾಗಿಲು ಮುಚ್ಚಿದವು. ಇಪ್ಪತ್ತೇಳರ ತಾರೆಗೆ ಚಿತ್ರಗಳಿಲ್ಲದೆ ಕೂರುವುದೆಂದರೆ ಸಣ್ಣ ಪಣವಲ್ಲ.

ಏಳು ವರ್ಷವೆಂದರೆ ಕ್ಯಾಲೆಂಡರಿನ ಏಳು ವರ್ಷ ಎಂದು ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ 1944ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ಅನಂತರ ‘ಟು ಈಚ್ ಹಿಸ್ ಓನ್’ (1946), ‘ದಿ ಏರೆಸ್’ (1949) ಚಿತ್ರಗಳು ಅವರಿಗೆ ಎರಡು ಆಸ್ಕರ್ ತಂದವು. 1935ರಲ್ಲಿ ತೆರೆಗೆ ಬಂದವರು 1988ರವರೆಗೆ ನಟಿಸಿದರು. 2020ರಲ್ಲಿ, 104ರ ವಯಸ್ಸಿನಲ್ಲಿ, ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಆ ತೀರ್ಪು ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧ. ಅದರ ಫಲ ಉಂಡವರು ಅವರ ನಂತರ ಬಂದ ಕಲಾವಿದರೆಲ್ಲ.