ಜೀಪು ಬಂದು ನಿಂತಾಗ

ಪದವಿ ಪಡೆದ ಯುವ ವೈದ್ಯರಿಗೆಲ್ಲ ಅಭಿನಂದನೆ. ಹೊಗಳಿಕೆಯನ್ನು ಉಳಿದವರಿಗೆ ಬಿಟ್ಟು, ಮನೋವೈದ್ಯನಾದ ನನ್ನನ್ನು ವೃತ್ತಿಯುದ್ದಕ್ಕೂ ಕಾಡಿದ ಒಂದೇ ಸಂಗತಿಯನ್ನು ಹೇಳುತ್ತೇನೆ. ರಾಷ್ಟ್ರೀಯ ಹೆದ್ದಾರಿ 48 ಹಿರಿಯೂರು, ಚಿತ್ರದುರ್ಗಗಳನ್ನು ಹಾದುಹೋಗುತ್ತದೆ. ಅದರ ಬದಿಯಲ್ಲಿ ಯಾರಿಗೂ ಕಾಣದವರೊಡನೆ ಜಗಳವಾಡುತ್ತ ಅಲೆಯುವ ಮನುಷ್ಯನ ಬಳಿಗೆ ಮೊದಲು ಬರುವುದು ವೈದ್ಯರಲ್ಲ, ಪೊಲೀಸರು. ಅವರ ಲಾಠಿ ಏಳುವುದೂ ಬಿಡುವುದೂ ಅವರ ಸ್ವಭಾವದ ಮೇಲಷ್ಟೇ ನಿಂತಿಲ್ಲ. ಆ ಮನುಷ್ಯನನ್ನು ಎಲ್ಲಿಗೆ ಕರೆದೊಯ್ಯಬಹುದು ಎಂಬುದರ ಮೇಲೂ ನಿಂತಿದೆ.

ಕಾನೂನು ಇದನ್ನು ಕಂಡುಕೊಳ್ಳಲು ಬಹಳ ಕಾಲ ಹಿಡಿಯಿತು. ಅಪರಾಧವನ್ನೇ ಮಾಡದ ಮಾನಸಿಕ ರೋಗಿಗಳನ್ನು ಜೈಲಿನಲ್ಲಿಡುವುದು ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟ್ ಶೀಲಾ ಬರ್ಸೆ ಪ್ರಕರಣದಲ್ಲಿ ಹೇಳಿದ್ದು 1993ರಲ್ಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಸೆಕ್ಷನ್ ಇನ್ನೂ ಮುಂದೆ ಹೋಯಿತು. ತನ್ನನ್ನು ನೋಡಿಕೊಳ್ಳಲಾಗದೆ ಅಲೆಯುವ ರೋಗಿಯನ್ನು ಪೊಲೀಸರು ಬಂಧಿಸುವುದಿಲ್ಲ, ರಕ್ಷಣೆಗೆ ತೆಗೆದುಕೊಳ್ಳುತ್ತಾರೆ. ಈ ಪದವನ್ನು ಗಮನಿಸಿ. ಏಕೆ ಕರೆದೊಯ್ಯುತ್ತಿದ್ದೇವೆಂದು ಅವನಿಗೇ ತಿಳಿಸಬೇಕು. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಲುಪಿಸಬೇಕು. ಯಾವ ಕಾರಣಕ್ಕೂ ಲಾಕಪ್ಪಿಗೆ ಹಾಕಕೂಡದು. ಮನೆಮಠ ಇಲ್ಲದವನಾದರೆ ಕಾಣೆಯಾದವರ ದೂರು ದಾಖಲಿಸಿ ಅವನ ಕುಟುಂಬವನ್ನು ಹುಡುಕುವ ಹೊಣೆಯೂ ಠಾಣಾಧಿಕಾರಿಯದೇ. ಪೊಲೀಸರಿಗೆ ಆಗಾಗ ಈ ಬಗ್ಗೆ ತರಬೇತಿ ಕೊಡಿಸಬೇಕೆಂದೂ ಕಾಯ್ದೆ ಹೇಳುತ್ತದೆ. ತರಬೇತಿ ಶಾಲೆಯೊಂದು ನಮ್ಮ ಐಮಂಗಲದಲ್ಲೇ ಇದೆ. ಅಲ್ಲಿ ಹೋಗಿ ಪಾಠ ಹೇಳಲು ನಿಮ್ಮಲ್ಲಿ ನಾಲ್ಕು ಜನ ಮುಂದೆ ಬಂದರೂ ಸಾಕು.

ಅವನ ಕೈಯಲ್ಲಿ ಮಚ್ಚಿದ್ದರೆ ಏನು ಮಾಡುವುದು ಎಂದು ಪೊಲೀಸರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬುದ್ಧಿ ಸ್ವಾಧೀನದಲ್ಲಿಲ್ಲದವನ ದಾಳಿಯ ಎದುರಿಗೂ ಆತ್ಮರಕ್ಷಣೆಯ ಹಕ್ಕು ಉಂಟೆಂದು ಭಾರತೀಯ ನ್ಯಾಯ ಸಂಹಿತೆಯೇ ಒಪ್ಪುತ್ತದೆ. ಆದರೆ ಮಚ್ಚು ಹಿಡಿದವರೆಲ್ಲ ಆ ಕ್ಷಣವೇ ಬೀಸುವುದಿಲ್ಲ. ದೂರ ನಿಂತು, ಒಬ್ಬರೇ ಮೆಲ್ಲಗೆ ಮಾತಾಡುತ್ತ, ಜನರನ್ನು ಚದುರಿಸಿದರೆ ಸಮಯ ಸಿಗುತ್ತದೆ. ಅಮೆರಿಕದ ಮೆಂಫಿಸ್‌ನಲ್ಲಿ 1987ರಲ್ಲಿ ಒಬ್ಬ ಮಾನಸಿಕ ರೋಗಿ ಪೊಲೀಸರ ಗುಂಡಿಗೆ ಸತ್ತ ಮೇಲೆ, ಮರುವರ್ಷವೇ 40 ಗಂಟೆಗಳ ತರಬೇತಿ ಪಡೆದ ಪೊಲೀಸರ ತಂಡವನ್ನು ಕಟ್ಟಿದರು. ಹಿಡಿದು ತಂದವನನ್ನು ಕೂಡಲೇ ಸೇರಿಸಿಕೊಳ್ಳುವ ಆಸ್ಪತ್ರೆ ಆ ಏರ್ಪಾಟಿನ ಅರ್ಧ ಬಲ. ಜನರನ್ನು ಚದುರಿಸುವ ಮಾತು ಬಂದಾಗ ನಿಮ್ಮ ವಯಸ್ಸಿನವರ ಮೇಲೆ ನನಗೆ ಸಿಟ್ಟಿದೆ. ಮೊಬೈಲ್ ಎತ್ತಿ ಸುತ್ತುವರಿಯುವ ಪ್ರತಿಯೊಬ್ಬರೂ ರೋಗಿಯ ಭಯವನ್ನೂ ಪೊಲೀಸರ ಅವಸರವನ್ನೂ ಹೆಚ್ಚಿಸುತ್ತಾರೆ. ಡಾಕ್ಟರಾದವರಂತೂ ಆ ವಿಡಿಯೊ ಮಾಡಲೇಬಾರದು.

ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರಿಲ್ಲ, ನಾವೇನು ಮಾಡಬೇಕು ಎಂಬುದು ನಿಮ್ಮ ಆಕ್ಷೇಪ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಜ್ಞರು ತಾಲ್ಲೂಕಿಗೆ ಬರುವುದು ಮಂಗಳವಾರ. ಕಾಯಿಲೆ ಮಂಗಳವಾರಕ್ಕಾಗಿ ಕಾಯುವುದಿಲ್ಲ. ಅದಕ್ಕೇ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 94ನೇ ಸೆಕ್ಷನ್, ಜೀವಕ್ಕೆ ಅಪಾಯವಿರುವಾಗ ನೋಂದಾಯಿತ ವೈದ್ಯರು ಯಾರೇ ಆಗಲಿ 72 ಗಂಟೆಯವರೆಗೆ ತುರ್ತು ಚಿಕಿತ್ಸೆ ಕೊಡಬಹುದು ಎನ್ನುತ್ತದೆ. ಇಂದು ನೀವು ಪಡೆದ ಎಂಬಿಬಿಎಸ್ ಪದವಿ ಅದಕ್ಕೆ ಸಾಕು. ಹೊಸದುರ್ಗದಲ್ಲೋ ಹೊಳಲ್ಕೆರೆಯಲ್ಲೋ ನಡುರಾತ್ರಿ ಜೀಪು ಬಂದು ನಿಂತಾಗ ‘ಮಂಗಳವಾರ ಕರೆತನ್ನಿ’ ಎನ್ನಬೇಡಿ. ವಾಪಸ್ ಕಳಿಸಿದ ರೋಗಿಯನ್ನು ಪೊಲೀಸರು ಮತ್ತೆ ನಿಮ್ಮಲ್ಲಿಗೆ ತರುವುದಿಲ್ಲ. ಅವನ ಕೈಯ ಹಗ್ಗ ಬಿಚ್ಚಿಸಿ, ಕುಡಿಯಲು ನೀರು ಕೊಟ್ಟು ಒಳಗೆ ಕರೆದುಕೊಳ್ಳಿ.