ನೆಲದ ಮೇಲಿನ ನೀರಿನ ಟ್ಯಾಂಕಿ: ಲಾಭವೆಷ್ಟು, ತೊಡಕೆಷ್ಟು?

(ಕಬ್ಬು ಬೆಳೆಗಾರ ಸದಸ್ಯರ ಮೇಳಾವದಲ್ಲಿ ಕಾರಖಾನೆಯ ಇಂಜಿನಿಯರರು ಮಾಡಿದ ಭಾಷಣ)



ನಮ್ಮ ಅಕ್ಕಲಕೋಟ, ದಕ್ಷಿಣ ಸೋಲಾಪುರ ಭಾಗದಲ್ಲಿ ಭೀಮಾ ನದಿಯ ದಂಡೆ ಬಿಟ್ಟರೆ ಬಾವಿ, ಬೋರುಗಳನ್ನು ನಂಬಿ ಕಬ್ಬು ಹಚ್ಚಿದವರು ಬಹಳ. ಹನಿ ನೀರಾವರಿ ಹಾಕಿದ ಸದಸ್ಯರು ಕಾರಖಾನೆಗೆ ಬಂದಾಗ ಕೇಳುವುದು ಒಂದೇ ಪ್ರಶ್ನೆ: ನೀರು ಕೂಡಿಡಲು ನೆಲದ ಮೇಲೆ ಟ್ಯಾಂಕಿ ಕಟ್ಟಬೇಕೋ, ಶೇತತಳೆ ತೋಡಬೇಕೋ? ಎರಡಕ್ಕೂ ಸಾಲ ಮಾಡಬೇಕಾಗುತ್ತದೆ. ಆದ್ದರಿಂದ ಪಕ್ಕದ ಹೊಲದವನು ಕಟ್ಟಿದನೆಂದು ನಾವೂ ಕಟ್ಟುವುದು ಬೇಡ. ಮೊದಲು ಲೆಕ್ಕ ಹಾಕೋಣ.

ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು 4,047 ಲೀಟರ್. ಬೇಸಿಗೆಯಲ್ಲಿ ಬೆಳೆದು ನಿಂತ ಕಬ್ಬಿಗೆ ದಿನಕ್ಕೆ 5 ಮಿಲಿಮೀಟರ್ ಹಿಡಿದರೂ ಎಕರೆಗೆ 20,000 ಲೀಟರ್ ಬೇಕು. 10 ಫೂಟು ಅಗಲ, 10 ಫೂಟು ಎತ್ತರದ ದುಂಡು ಟ್ಯಾಂಕಿಯಲ್ಲಿ 785 ಘನ ಫೂಟು, ಅಂದರೆ ಸುಮಾರು 22,000 ಲೀಟರ್ ನೀರು ಹಿಡಿಯುತ್ತದೆ. ಇಷ್ಟು ದೊಡ್ಡ ಟ್ಯಾಂಕಿಯೂ ಒಂದು ಎಕರೆಯ ಒಂದು ದಿನದ ನೀರಿಗೆ ಸರಿ. ಟ್ಯಾಂಕಿ ಕಟ್ಟಿದರೆ ಬೇಸಿಗೆ ದಾಟುತ್ತೇವೆಂಬ ಆಸೆ ಇದ್ದವರು ಅದನ್ನು ಇಲ್ಲಿಯೇ ಬಿಡಬೇಕು.

ಶೇತತಳೆಯ ಮಾತು ಬೇರೆ. 30 ಮೀಟರ್ ಉದ್ದ, 30 ಮೀಟರ್ ಅಗಲ, 3 ಮೀಟರ್ ಆಳದ ಹೊಂಡದಲ್ಲಿ, ದಂಡೆಯ ಇಳಿಜಾರು ಕಳೆದರೂ, ಸುಮಾರು 22 ಲಕ್ಷ ಲೀಟರ್ ನೀರು ನಿಲ್ಲುತ್ತದೆ. ಅಂಥ ನೂರು ಟ್ಯಾಂಕಿಗಳ ನೀರು! ಆದರೆ ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿಗೆ ದಿನಕ್ಕೆ ಒಂದು ಸೆಂಟಿಮೀಟರ್ ನೀರು ಆರಿದರೂ ಆ ಹೊಂಡದಿಂದ 9,000 ಲೀಟರ್ ಗಾಳಿಗೆ ಹೋಗುತ್ತದೆ. ಸುಮಾರು ಅರ್ಧ ಎಕರೆ ಕಬ್ಬು ಕುಡಿಯಬೇಕಾದ ನೀರು ಅದು. ಮೇಲಾಗಿ ಹೊಂಡಕ್ಕೆ ಸುಮಾರು ಕಾಲು ಎಕರೆ ಭೂಮಿ ಬಿಡಬೇಕು, ಮಕ್ಕಳು, ದನಕರುಗಳು ಬೀಳದಂತೆ ಬೇಲಿ ಹಾಕಬೇಕು.

ಹಾಗಾದರೆ ಟ್ಯಾಂಕಿಯಿಂದ ಲಾಭವೇನು? ತಾಸಿಗೆ 3,000 ಲೀಟರ್ ಕೊಡುವ ಸಣ್ಣ ಬೋರು ಹನಿ ನೀರಾವರಿಯನ್ನು ನೇರವಾಗಿ ನಡೆಸಲಾರದು. ಅದೇ ಬೋರು ರಾತ್ರಿ 7 ತಾಸು ನಡೆದರೆ 21,000 ಲೀಟರ್ ಕೂಡುತ್ತದೆ. ಬೆಳಗಾದ ಮೇಲೆ ಕಣ್ಣೆದುರಿಗೆ ನೀರು ಬಿಡಬಹುದು. ಕತ್ತಲಲ್ಲಿ ಹಾವು-ಚೇಳಿನ ನಡುವೆ ಅಡ್ಡಾಡುವುದು ತಪ್ಪುತ್ತದೆ. ಮುಚ್ಚಳ ಗಟ್ಟಿಯಾಗಿದ್ದರೆ ನೀರು ಆರುವುದಿಲ್ಲ. ಬಿಸಿಲು ತಾಗದ ನೀರಿನಲ್ಲಿ ಪಾಚಿ ಬೆಳೆಯುವುದಿಲ್ಲ, ಫಿಲ್ಟರ್ ಕಟ್ಟುವುದೂ ಕಡಿಮೆ. ಎಲ್ಲಕ್ಕಿಂತ ಮುಖ್ಯ, ನೆಲದ ಮೇಲಿನ ಟ್ಯಾಂಕಿ ಸೋರಿದರೆ ಕಣ್ಣಿಗೆ ಕಾಣುತ್ತದೆ. ಶೇತತಳೆಯ ಪ್ಲಾಸ್ಟಿಕ್ ತಳದಲ್ಲಿ ಹರಿದರೆ ನೀರು ಇಳಿದ ಮೇಲೆಯೇ ತಿಳಿಯುವುದು.

ಇನ್ನು ತೊಡಕುಗಳು. ಹನಿ ನೀರಾವರಿಗೆ ಸಾಮಾನ್ಯವಾಗಿ ಒಂದು ಕಿಲೋ ಒತ್ತಡ ಬೇಕು. ಅಷ್ಟು ಒತ್ತಡಕ್ಕೆ ನೀರು 33 ಫೂಟು ಎತ್ತರದಲ್ಲಿರಬೇಕು. ನಮ್ಮ 10 ಫೂಟಿನ ಟ್ಯಾಂಕಿ ತುಂಬಿದಾಗಲೂ ಕೊಡುವುದು ಮೂರನೆಯ ಒಂದು ಪಾಲು ಮಾತ್ರ, ನೀರು ಇಳಿದಂತೆ ಅದೂ ಇಳಿಯುತ್ತದೆ. ಅಂದಮೇಲೆ ಇನ್ನೊಂದು ಸಣ್ಣ ಪಂಪು ಬೇಕೇ ಬೇಕು. ಹಗಲು ಕರೆಂಟೂ ಇಲ್ಲ, ಸೋಲಾರ್ ಪಂಪೂ ಇಲ್ಲ, ಹೊಲದಲ್ಲಿ ಎತ್ತರದ ಗುಡ್ಡೆಯೂ ಇಲ್ಲ ಎಂದರೆ ಟ್ಯಾಂಕಿ ತುಂಬಿ ನಿಂತರೂ ಕಬ್ಬು ಒಣಗೀತು.

ಎರಡನೆಯ ತೊಡಕು ಭಾರ. 22,000 ಲೀಟರ್ ಎಂದರೆ 22 ಟನ್. ಕಬ್ಬು ತುಂಬಿದ ಎರಡು ಟ್ರೇಲರಿನಷ್ಟು ಭಾರ ಒಂದೇ ಕಡೆ ಹಗಲೂ ರಾತ್ರಿ ನಿಂತಂತೆ. ನಮ್ಮದು ಎರೆ ಭೂಮಿ; ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದರ ಮೇಲೆ ಹಾಗೆಯೇ ಕಟ್ಟಿದರೆ ಟ್ಯಾಂಕಿ ಒಂದು ಮಗ್ಗುಲಿಗೆ ವಾಲಿ ಸೀಳುತ್ತದೆ. ಎರೆ ಮಣ್ಣನ್ನು ಗಟ್ಟಿ ನೆಲ ಸಿಗುವವರೆಗೆ ತೆಗೆದು, ಗರಸು ತುಂಬಿ, ಅರ್ಧರ್ಧ ಫೂಟಿಗೆ ನೀರು ಹೊಡೆದು ಧಮ್ಮಸು ಮಾಡಬೇಕು. ಹೆಚ್ಚಾದ ನೀರು ಬುಡದಲ್ಲಿ ಬೀಳದಂತೆ ಪೈಪು ಕೊಟ್ಟು ದೂರ ಒಯ್ಯಬೇಕು.

ಕಟ್ಟಿದ ಮೇಲೆ ಪರೀಕ್ಷೆ. ಇದಕ್ಕೆ ನಮ್ಮ ಧಂದೆಯಲ್ಲಿಯೇ ಒಂದು ಘೋರ ಉದಾಹರಣೆ ಇದೆ. ಅಮೇರಿಕೆಯ ಬೋಸ್ಟನ್ ಶಹರದಲ್ಲಿ ಕಾಕಂಬಿ, ನಾವು ಮಳಿ ಎನ್ನುತ್ತೇವಲ್ಲ, ಅದನ್ನು ತುಂಬುವ ಉಕ್ಕಿನ ಟ್ಯಾಂಕಿ ಒಂದಿತ್ತು. ಎತ್ತರ 50 ಫೂಟು, ಅಗಲ 90 ಫೂಟು. ಕಟ್ಟಿದಾಗ ಅದರಲ್ಲಿ ಬರೇ ಅರ್ಧ ಫೂಟು ನೀರು ಹಾಕಿ ಪರೀಕ್ಷೆ ಮುಗಿಸಿದರು. ಕಾಕಂಬಿಯೋ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಟ್ಯಾಂಕಿ ಮೊದಲಿನಿಂದಲೂ ಸೋರುತ್ತಿತ್ತು; ರಿಪೇರಿ ಮಾಡುವ ಬದಲು ಸೋರಿಕೆ ಕಾಣದಂತೆ ಕಂದು ಬಣ್ಣ ಬಳಿದರು. 1919ರ ಜನವರಿ 15ರಂದು ಅದು ಒಡೆಯಿತು. ಬೀದಿಗೆ ನುಗ್ಗಿದ ಕಾಕಂಬಿಯಲ್ಲಿ 21 ಜನ ಸತ್ತರು, ಸುಮಾರು 150 ಜನ ಗಾಯಗೊಂಡರು. ಟ್ಯಾಂಕಿ ತನ್ನ ದೋಷವನ್ನು ತಾನೇ ಹೇಳಿತ್ತು, ಕೇಳುವವರು ಇರಲಿಲ್ಲ.

ನಮ್ಮ ಹೊಲದ ಟ್ಯಾಂಕಿ ಸಣ್ಣದು, ಆದರೆ ಅದರ ನೆರಳಿಗೂ ಕೂಲಿಯವರು ಕೂಡುತ್ತಾರೆ, ಮಕ್ಕಳು ಆಡುತ್ತಾರೆ. ಆದ್ದರಿಂದ ಒಮ್ಮೆಲೇ ತುಂಬಬೇಡಿರಿ. ಮೊದಲು ಮೂರನೆಯ ಒಂದು ಪಾಲು ತುಂಬಿ ಒಂದು ದಿನ ಬಿಡಿರಿ, ಸುತ್ತಲೂ ನೋಡಿರಿ. ಆಮೇಲೆ ಮತ್ತೊಂದು ಪಾಲು. ಪೂರ್ತಿ ತುಂಬಿದ ಮೇಲೆ ಒಂದು ವಾರ ಕಾಯಿರಿ. ಬುಡ ಹಸಿಯಾದರೆ, ಗೋಡೆಗೆ ಸೀಳು ಬಿದ್ದರೆ ಮೇಲೆ ಗಿಲಾವು ಬಳಿದು ಮುಚ್ಚದೆ, ನೀರು ಬಿಟ್ಟು ಖಾಲಿ ಮಾಡಿ ಕಾರಣ ಹುಡುಕಿರಿ. ಪ್ಲಾಸ್ಟಿಕ್ ಟ್ಯಾಂಕಿ ಇದ್ದವರು ಖಾಲಿ ಇದ್ದಾಗ ಬಿರುಗಾಳಿಗೆ ಹಾರದಂತೆ ಕಟ್ಟಿರಿ.

ಒಟ್ಟಿನಲ್ಲಿ ಹೇಳುವುದಾದರೆ, ದಿನದ ತೊಂದರೆಗೆ ಟ್ಯಾಂಕಿ, ಬೇಸಿಗೆಯ ತೊಂದರೆಗೆ ಶೇತತಳೆ. ಒಂದೆರಡು ಎಕರೆಯವರು, ಬೋರು ಸಣ್ಣದಾದರೂ ಬತ್ತದೆ ಇದ್ದರೆ, ಟ್ಯಾಂಕಿಯ ವಿಚಾರ ಮಾಡಲಿ. ಮಾರ್ಚಿಗೇ ಬೋರು ಬತ್ತುವವರಿಗೆ ಟ್ಯಾಂಕಿ ಖಾಲಿ ಡಬ್ಬಿ ಇದ್ದಂತೆ. ಅವರು ಮಳೆಗಾಲದ ನೀರು ಹಿಡಿಯಲಿ, ಇಲ್ಲವೆ ಕಬ್ಬಿನ ಕ್ಷೇತ್ರ ಕಡಿಮೆ ಮಾಡಲಿ. ಸಾಲದ ಕಾಗದಕ್ಕೆ ಸಹಿ ಹಾಕುವ ಮುಂಚೆ ನಿಮ್ಮ ಬೋರು ತಾಸಿಗೆ ಎಷ್ಟು ನೀರು ಕೊಡುತ್ತದೆಂದು ಒಂದು ಬ್ಯಾರಲ್ ಇಟ್ಟು, ಗಡಿಯಾರ ಹಿಡಿದು ಅಳೆಯಿರಿ. ಈ ಕೆಲಸಕ್ಕೆ ಖರ್ಚೇನೂ ಇಲ್ಲ.