ಕರುಣೆಗೊಂದು ಲೆಕ್ಕ

ಗ್ರಹಾಂ ಗ್ರೀನರ ‘ಎ ಬರ್ನ್ಟ್-ಔಟ್ ಕೇಸ್’ ಕಾದಂಬರಿಯನ್ನು ಮೊದಲ ಸಲ ಓದಿದಾಗ ಅದರ ಅರ್ಪಣೆಯ ಪುಟವನ್ನು ನಾನು ಗಮನಿಸಿರಲಿಲ್ಲ. ಅಲ್ಲಿರುವುದು ಡಾಕ್ಟರ್ ಮಿಷೆಲ್ ಲೆಶಾ ಅವರ ಹೆಸರು. ಕಾಂಗೋದ ಯೋಂಡಾದಲ್ಲಿ ಕುಷ್ಠರೋಗಿಗಳ ಶುಶ್ರೂಷೆಯಲ್ಲಿದ್ದ ಈ ಬೆಲ್ಜಿಯನ್ ವೈದ್ಯರ ಬಳಿಗೆ ಗ್ರೀನರು 1959ರಲ್ಲಿ ಹೋಗಿದ್ದರು.

ಅವರ ಮುಂದಿನ ಬದುಕು ಕಾದಂಬರಿಯಲ್ಲಿಲ್ಲ. ಸ್ವದೇಶದಲ್ಲಿ ಪ್ರಾಧ್ಯಾಪಕರಾದ ಅವರು, ವಿಪತ್ತುಗಳಲ್ಲಿ ಸಂಭವಿಸುವ ಸಾವುನೋವುಗಳನ್ನು ಶಾಸ್ತ್ರೀಯವಾಗಿ ಅಭ್ಯಸಿಸುವ ಕೇಂದ್ರವೊಂದನ್ನು 1973ರಲ್ಲಿ ಲೂವಾಂ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಸ್ಥಾಪಿಸಿದರು. ಜಗತ್ತಿನ ವಿಪತ್ತುಗಳ ದಾಖಲೆಯನ್ನು ಆ ಕೇಂದ್ರ 1988ರಿಂದ ಇಡುತ್ತ ಬಂದಿದೆ.

ಭೂಕಂಪವಾದೊಡನೆ ಕಂಬಳಿ, ಔಷಧಿ ಕಳುಹಿಸುವುದೇ ನೆರವೆಂದು ನಾನೂ ಭಾವಿಸಿದ್ದೆ. ಆದರೆ ಸತ್ತವರು ಯಾರು, ಎಂತಹ ಸೂರಿನಡಿ ಮಲಗಿದ್ದರು ಎಂದು ಕೇಳುವವರೂ ಬೇಕು. 1976ರ ಗ್ವಾಟೆಮಾಲಾ ಭೂಕಂಪದ ಬಳಿಕ ಇತರ ಸಂಶೋಧಕರು ಹಳ್ಳಿಯೊಂದರಲ್ಲಿ ಹೀಗೆ ವಿಚಾರಿಸಿದಾಗ, ಕೊಂದದ್ದು ಹಸಿ ಇಟ್ಟಿಗೆಯ ಮನೆಗಳೆಂದು ತಿಳಿಯಿತು. 1993ರಲ್ಲಿ ನಮ್ಮ ಗಡಿಯಾಚೆಯ ಕಿಲ್ಲಾರಿಯಲ್ಲಿ ನಿದ್ರಿಸುತ್ತಿದ್ದವರ ಮೇಲೆ ಕುಸಿದವು ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ಗೋಡೆಗಳು.

ಒಬ್ಬ ರೋಗಿಯ ಕೈ ಹಿಡಿದವರೇ ಸಾವಿರ ಸಾವುಗಳ ಲೆಕ್ಕಕ್ಕೆ ಕುಳಿತದ್ದು ಮನಸ್ಸು ಕಲ್ಲಾದುದರಿಂದಲ್ಲ. ಸತ್ತವರನ್ನು ಎಣಿಸುವುದು ಬದುಕಿರುವವರ ಸಲುವಾಗಿ.